ಶಟರ್ ಅತಿಥಿಗಳ ಕೈಗೆ: ಕೊಡಕ್ ಫನ್‌ಸೇವರ್ ಕ್ಯಾಮೆರಾ ಮತ್ತು ಅದರ ಬೆನ್ನಿಗಿರುವ ಲ್ಯಾಬ್

ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಬಂದವರ ಕೈಗೆ ಡಿಸ್ಪೋಸಬಲ್ ಫಿಲ್ಮ್ ಕ್ಯಾಮೆರಾ ಕೊಟ್ಟು, 'ನಿಮಗೆ ತೋಚಿದ್ದು ತೆಗೀರಿ' ಎನ್ನುವ ರೂಢಿ ಬೆಂಗಳೂರಿಗೂ ಬಂದಿದೆ. ಕೆಲವು ಫೋಟೋಗ್ರಾಫರ್‌ಗಳು ಇದನ್ನು ಬೇಕೆಂದೇ ಮಾಡುತ್ತಾರೆ. ಫ್ರೇಮ್, ಕ್ಷಣ, ಬೆಳಕು ಎಲ್ಲವನ್ನೂ ತಾವೇ ನಿರ್ಧರಿಸುವ ಅಭ್ಯಾಸದಿಂದ ಹೊರಬಂದು, ಬೇರೆ ಕಣ್ಣುಗಳಿಗೆ ಏನು ಕಾಣುತ್ತದೆ ಎಂದು ನೋಡುವ ಆಸೆ ಅವರದು. ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಕೊಡಕ್ ಫನ್‌ಸೇವರ್. ಬರೀ ಕ್ಯಾಮೆರಾವನ್ನು ವಿಮರ್ಶಿಸಿದರೆ ಅರ್ಧ ಮಾತು ಹೇಳಿದಂತಾಗುತ್ತದೆ. ಫೋಟೋಗ್ರಾಫರ್ ಬಿಟ್ಟುಕೊಟ್ಟ ಹತೋಟಿ ಗಾಳಿಯಲ್ಲಿ ಕರಗುವುದಿಲ್ಲ. ಒಂದು ಪಾಲು ಕ್ಯಾಮೆರಾ ಮಾಡಿದ ಕಾರ್ಖಾನೆಗೆ, ಒಂದು ಪಾಲು ಗುಂಡಿ ಒತ್ತಿದವರಿಗೆ, ಒಂದು ದೊಡ್ಡ ಪಾಲು ಯಾರ ಕಣ್ಣಿಗೂ ಬೀಳದ ಲ್ಯಾಬ್ ಆಪರೇಟರ್‌ಗೆ ಹೋಗುತ್ತದೆ. ಎಷ್ಟು ಯಾರಿಗೆ ಹೋಗುತ್ತದೆ ಎಂದು ತಿಳಿದುಕೊಂಡು ಕೊಟ್ಟರೆ ಈ ಕ್ಯಾಮೆರಾದಿಂದ ಅಪರೂಪದ ಚಿತ್ರಗಳು ಬರುತ್ತವೆ. ತಿಳಿಯದೆ ಕೊಟ್ಟರೆ ಕೈಗೆ ಸಿಗುವುದು 27 ಕಪ್ಪು ಚೌಕಗಳು.

ಮೊದಲು ಕಾರ್ಖಾನೆಯ ಪಾಲು. ಫನ್‌ಸೇವರ್‌ನಲ್ಲಿ 30 ಮಿಲಿಮೀಟರ್ ಪ್ಲಾಸ್ಟಿಕ್ ಲೆನ್ಸ್ ಇದೆ. ಅಪರ್ಚರ್ (ಬೆಳಕು ಒಳಬರುವ ರಂಧ್ರದ ಅಳತೆ) ಎಫ್/10, ಶಟರ್ ಸೆಕೆಂಡಿನ 1/100, ಒಳಗೆ ಐಎಸ್‌ಒ (ಬೆಳಕಿಗೆ ಫಿಲ್ಮಿನ ಸೂಕ್ಷ್ಮತೆ) 800ರ ಕಲರ್ ನೆಗೆಟಿವ್ ಫಿಲ್ಮ್. ಯಾವುದನ್ನೂ ಬದಲಿಸುವಂತಿಲ್ಲ. 27 ಚಿತ್ರದ್ದು ಸಾಮಾನ್ಯವಾಗಿ ಸಿಗುತ್ತದೆ, 39 ಚಿತ್ರದ್ದೂ ಇದೆ. ಅಪರ್ಚರ್, ಶಟರ್, ಐಎಸ್‌ಒ ಈ ಮೂರು ಅಂಕಿಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಕ್ಯಾಮೆರಾಗೆ ಸರಿಯಾಗಿ ಹೊಂದುವ ಬೆಳಕು ದಟ್ಟ ನೆರಳಿನದು ಎಂದು ಗೊತ್ತಾಗುತ್ತದೆ. ಹಗಲಿನಲ್ಲಿ ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಕೆಳಗೆ ಇರುವಷ್ಟು ಬೆಳಕು, ಅಥವಾ ಸೂರ್ಯ ಮುಳುಗಿದ ಕೂಡಲೇ ಬಯಲಿನಲ್ಲಿ ಉಳಿದಿರುವಷ್ಟು. ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಫಿಲ್ಮ್‌ಗೆ ನಾಲ್ಕರಿಂದ ನಾಲ್ಕೂವರೆ ಸ್ಟಾಪ್ (ಒಂದು ಸ್ಟಾಪ್ ಹೆಚ್ಚಾದರೆ ಬೆಳಕು ಎರಡರಷ್ಟು, ಕಡಿಮೆಯಾದರೆ ಅರ್ಧ) ಹೆಚ್ಚು ಬೆಳಕು ಬೀಳುತ್ತದೆ. ಕಲರ್ ನೆಗೆಟಿವ್ ಫಿಲ್ಮ್ ಅಷ್ಟನ್ನು ಹೆಚ್ಚುಕಡಿಮೆ ತಡೆದುಕೊಳ್ಳುತ್ತದೆ. ನೆಗೆಟಿವ್ ದಟ್ಟವಾಗಿ, ಕಪ್ಪಾಗಿ ಬರುತ್ತದೆ, ಬಿಳಿ ಪಂಚೆಯ ನೆರಿಗೆ ಸ್ವಲ್ಪ ಕಳೆದುಹೋಗುತ್ತದೆ, ಆದರೆ ಚಿತ್ರ ಉಳಿಯುತ್ತದೆ. ಮೋಡದ ದಿನದಲ್ಲಂತೂ ಯಾವ ಚಿಂತೆಯೂ ಇಲ್ಲ, ಬೆಂಗಳೂರಿನಲ್ಲಿ ಅಂಥ ದಿನಗಳಿಗೆ ಬರವೂ ಇಲ್ಲ.

ತೊಂದರೆ ಇರುವುದು ಇನ್ನೊಂದು ಕಡೆ. ಛತ್ರದ ಹಾಲ್‌ನಲ್ಲಿ ಎಲ್ಲ ದೀಪ ಉರಿಯುತ್ತಿದ್ದರೂ ಈ ಕ್ಯಾಮೆರಾಗೆ ಬೇಕಾದುದಕ್ಕಿಂತ ಮೂರೂವರೆ, ನಾಲ್ಕು ಸ್ಟಾಪ್ ಕಡಿಮೆ ಬೆಳಕು ಇರುತ್ತದೆ. ಎಂದರೆ ಬೇಕಾದ ಬೆಳಕಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹೆಚ್ಚಾದದ್ದನ್ನು ನೆಗೆಟಿವ್ ಸಹಿಸುತ್ತದೆ, ಕಡಿಮೆಯಾದದ್ದನ್ನು ಸಹಿಸುವುದಿಲ್ಲ. ನೆರಳಿನ ಭಾಗದಲ್ಲಿ ಫಿಲ್ಮ್ ಮೇಲೆ ಏನೂ ಮೂಡಿರುವುದೇ ಇಲ್ಲ, ಮೂಡದಿದ್ದುದನ್ನು ಯಾವ ಲ್ಯಾಬ್ ತಾನೇ ಎತ್ತಿ ತೋರಿಸೀತು? ಕಣ್ಣಿಗೆ ಝಗಮಗ ಕಾಣುವ ಹಾಲ್ ಫಿಲ್ಮ್‌ಗೆ ಕತ್ತಲೆ ಎಂಬುದು ಅತಿಥಿಗಳಿಗೆ ತಿಳಿದಿರುವುದಿಲ್ಲ. ಫೋನಿನಲ್ಲಿ ತೆಗೆದು ರೂಢಿಯಾದವರಿಗೆ ಬೆಳಕಿನ ಲೆಕ್ಕ ಮರೆತೇ ಹೋಗಿದೆ. ಹಾಳಾಗುವ ಫ್ರೇಮ್‌ಗಳಲ್ಲಿ ಹೆಚ್ಚಿನವು ಇದೊಂದೇ ಕಾರಣಕ್ಕೆ ಹಾಳಾಗುತ್ತವೆ: ಒಳಾಂಗಣದಲ್ಲಿ ಫ್ಲ್ಯಾಷ್ ಹಾಕದೆ ಗುಂಡಿ ಒತ್ತಿದ್ದು.

ಫ್ಲ್ಯಾಷ್ ತಾನಾಗಿ ಬೆಳಗುವುದಿಲ್ಲ. ಮುಂಭಾಗದ ಗುಂಡಿಯನ್ನು ಒತ್ತಿ ಹಿಡಿದು, ಸಣ್ಣ ದೀಪ ಹೊತ್ತಿಕೊಳ್ಳುವವರೆಗೆ ಕಾಯಬೇಕು. ಹತ್ತು ಹದಿನೈದು ಸೆಕೆಂಡ್ ಹಿಡಿಯಬಹುದು. ಅಷ್ಟು ಹೊತ್ತು ಕಾಯುವ ತಾಳ್ಮೆ ಇಲ್ಲದೆ ಶಟರ್ ಒತ್ತುವವರೇ ಹೆಚ್ಚು. ಆಗ ಫ್ಲ್ಯಾಷ್ ಹೊಡೆಯುವುದಿಲ್ಲ, ಶಟರ್ ಮಾತ್ರ ಟಿಕ್ ಎನ್ನುತ್ತದೆ, ಫ್ರೇಮ್ ಹೋಯಿತು. ಪ್ರತಿ ಚಿತ್ರಕ್ಕೂ ದೀಪ ನೋಡಿಯೇ ಒತ್ತಬೇಕು ಎನ್ನುವುದು ಅತಿಥಿಗೆ ಹೇಳಲೇಬೇಕಾದ ಮೊದಲ ಮಾತು.

ಫ್ಲ್ಯಾಷ್ ತಲುಪುವ ದೂರ ಸುಮಾರು 1.2ರಿಂದ 3.5 ಮೀಟರ್, ನಮ್ಮ ಅಳತೆಯಲ್ಲಿ ನಾಲ್ಕು ಅಡಿಯಿಂದ ಹನ್ನೊಂದೂವರೆ ಅಡಿ. ಧಾರೆಯ ಹೊತ್ತಿಗೆ ಮಂಟಪದ ಸುತ್ತ ಫೋಟೋದವರು, ವಿಡಿಯೋದವರು, ಹತ್ತಿರದ ನೆಂಟರು ಸೇರಿರುತ್ತಾರೆ. ಉಳಿದ ಅತಿಥಿ ನಿಂತಿರುವುದು ಇಪ್ಪತ್ತು, ಇಪ್ಪತ್ತೈದು ಅಡಿ ಆಚೆ. ಅಲ್ಲಿಂದ ಹೊಡೆದ ಫ್ಲ್ಯಾಷ್ ಮುಂದಿನ ಸಾಲಿನವರ ತಲೆಯ ಹಿಂಭಾಗವನ್ನು ಬೆಳಗಿಸಿ ಅಲ್ಲೇ ಮುಗಿಯುತ್ತದೆ, ಮಂಟಪ ಕಪ್ಪಾಗಿಯೇ ಉಳಿಯುತ್ತದೆ. ವಿಡಿಯೋದವರ ಎಲ್‌ಇಡಿ ಪ್ಯಾನೆಲ್ ನೇರವಾಗಿ ವಧೂವರರ ಮೇಲೆ ಬಿದ್ದಿದ್ದರೆ ಫ್ಲ್ಯಾಷ್ ಇಲ್ಲದೆಯೂ ಮಸುಕಾಗಿ ಒಂದು ಚಿತ್ರ ಬಂದೀತು, ಆದರೆ ಅದನ್ನು ನಂಬಿಕೊಳ್ಳುವಂತಿಲ್ಲ. ಮುಹೂರ್ತದ ಚಿತ್ರಕ್ಕೆ ಈ ಕ್ಯಾಮೆರಾ ಅಲ್ಲವೇ ಅಲ್ಲ. ರಾತ್ರಿ ನಡೆಯುವ ಬೆಂಗಳೂರು ಕರಗಕ್ಕೂ ಅಷ್ಟೇ, ಹತ್ತು ಅಡಿ ಹತ್ತಿರಕ್ಕೆ ಹೋಗಲಾಗದ ಕಡೆ ಇದನ್ನು ಕೊಂಡೊಯ್ದು ಫಲವಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಾತ್ರ ಹೇಳಿ ಮಾಡಿಸಿದಂತಿದೆ. ಹಗಲು ಮರಗಳ ನೆರಳು ಇರುತ್ತದೆ, ರಾಶಿಯ ಹಿಂದೆ ಕೂತ ವ್ಯಾಪಾರಿ ಮತ್ತು ಕೊಳ್ಳುವವರ ನಡುವೆ ಐದಾರು ಅಡಿ ಅಂತರ, ಕತ್ತಲಾದ ಮೇಲೂ ಆ ದೂರಕ್ಕೆ ಫ್ಲ್ಯಾಷ್ ಸಾಕು.

ಹೋಮದ ಹೊಗೆಯಲ್ಲಿ ಫ್ಲ್ಯಾಷ್ ಹಾಕಬಾರದು. ಫ್ಲ್ಯಾಷ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಹೊಗೆಯ ಕಣಗಳು ಬೆಳಕನ್ನು ನೇರ ಲೆನ್ಸಿಗೆ ಹಿಂತಿರುಗಿಸುತ್ತವೆ, ಚಿತ್ರದ ತುಂಬ ಬಿಳಿ ಮಬ್ಬು. ಊಟದ ಪಂಕ್ತಿಯಲ್ಲೂ ಒಂದು ಸೂಕ್ಷ್ಮ ಇದೆ. ಸಾಲಿನ ತುದಿಯಲ್ಲಿ ನಿಂತು ಉದ್ದಕ್ಕೂ ತೆಗೆದರೆ ಐದು ಅಡಿಯಲ್ಲಿರುವವರ ಮುಖ ಸುಣ್ಣ ಬಳಿದಂತೆ, ಹದಿಮೂರು ಅಡಿಯಲ್ಲಿರುವವರು ನೆರಳಿನಂತೆ ಬರುತ್ತಾರೆ. ಇಬ್ಬರ ನಡುವೆ ಸುಮಾರು ಮೂರು ಸ್ಟಾಪ್ ವ್ಯತ್ಯಾಸ. ಎಲೆಗೆ ಎದುರಾಗಿ, ಬಡಿಸುವವರು ಓಡಾಡುವ ದಾರಿಯಲ್ಲಿ ನಿಂತು ಅಡ್ಡಲಾಗಿ ತೆಗೆದರೆ ನಾಲ್ಕೈದು ಜನ ಒಂದೇ ಬೆಳಕಿನಲ್ಲಿ ಸಿಗುತ್ತಾರೆ.

ಇನ್ನು ಹತ್ತಿರದ ತೊಂದರೆ. ಲೆನ್ಸಿನ ಫೋಕಸ್ ಕದಲುವುದಿಲ್ಲ. ಮೂರೂಕಾಲು ಅಡಿಗಿಂತ ಹತ್ತಿರ ಇದ್ದುದೆಲ್ಲ ಮಸುಕು. ಸೆಲ್ಫಿಗೆ ಚಾಚಿದ ಕೈ ಎರಡು ಅಡಿ ಇದ್ದರೆ ಹೆಚ್ಚು. ಹಾಗಾಗಿ ಹುಡುಗರ ಕೈಗೆ ಹೋದ ಪ್ರತಿ ರೋಲ್‌ನಲ್ಲೂ ಮಸುಕಾದ, ಫ್ಲ್ಯಾಷ್‌ಗೆ ಬೆಳ್ಳಗಾದ ಸೆಲ್ಫಿಗಳು ಸಾಲಾಗಿ ಬರುತ್ತವೆ. ವ್ಯೂಫೈಂಡರ್ ಕೂಡ ಲೆನ್ಸಿನ ಮೇಲ್ಗಡೆ ಬೇರೆ ಕಿಂಡಿ. ದೂರಕ್ಕೆ ಇದು ಲೆಕ್ಕಕ್ಕೆ ಬರುವುದಿಲ್ಲ, ನಾಲ್ಕು ಅಡಿಯೊಳಗೆ ಕಿಂಡಿಯಲ್ಲಿ ಕಂಡ ತಲೆ ಚಿತ್ರದಲ್ಲಿ ಕತ್ತರಿಸಿಹೋಗುತ್ತದೆ. ಹತ್ತಿರದಿಂದ ತೆಗೆಯುವಾಗ ತಲೆಯ ಮೇಲೆ ಒಂದು ಗೇಣು ಜಾಗ ಬಿಡಿ ಎಂದು ಹೇಳಿದರೆ ಸಾಕು. ಅರಿಶಿನ ಕುಂಕುಮದ ಕೈ, ತುಪ್ಪದ ಕೈ ಲೆನ್ಸಿಗೆ ತಾಗುವುದು ನಮ್ಮ ಮದುವೆಗಳದೇ ವಿಶೇಷ ಸಮಸ್ಯೆ. ಲೆನ್ಸ್ ಒಳಕ್ಕೆ ಕೂತಿದ್ದರೂ ಬೆರಳು ತಾಗುತ್ತದೆ, ಅಲ್ಲಿಂದ ಮುಂದಿನ ಎಲ್ಲ ಫ್ರೇಮ್‌ಗಳಲ್ಲೂ ದೀಪಗಳ ಸುತ್ತ ಮಂಜು. ಕ್ಯಾಮೆರಾ ಜೊತೆ ಸಣ್ಣ ಹತ್ತಿ ಬಟ್ಟೆಯೊಂದನ್ನು ದಾರದಲ್ಲಿ ಕಟ್ಟಿಡುವುದು ಒಳ್ಳೆಯದು.

ಫ್ಯೂಜಿಫಿಲ್ಮ್ ಕ್ವಿಕ್‌ಸ್ನ್ಯಾಪ್ ಇದರ ನೇರ ಸ್ಪರ್ಧಿ. ಇಂಥ ಕ್ಯಾಮೆರಾಗಳನ್ನು 1986ರಲ್ಲಿ ಜಪಾನಿನಲ್ಲಿ ಜನಪ್ರಿಯಗೊಳಿಸಿದ್ದೇ ಫ್ಯೂಜಿ. ಅದರಲ್ಲಿ 32 ಮಿಲಿಮೀಟರ್ ಲೆನ್ಸ್, ಎಫ್/10, ಶಟರ್ 1/140, ಫಿಲ್ಮ್ ಐಎಸ್‌ಒ 400. ಎಲ್ಲ ಕೂಡಿದರೆ ಫನ್‌ಸೇವರ್‌ಗಿಂತ ಸುಮಾರು ಒಂದೂವರೆ ಸ್ಟಾಪ್ ಕಡಿಮೆ. ಬಿಸಿಲಿನ ತೋಟದ ಸಮಾರಂಭಕ್ಕೆ ಕ್ವಿಕ್‌ಸ್ನ್ಯಾಪ್ ಚೆನ್ನ, ಚರ್ಮದ ಬಣ್ಣ ಮತ್ತು ಹಸಿರು ಹಿತವಾಗಿ ಬರುತ್ತವೆ. ಛತ್ರದೊಳಕ್ಕೆ ಫನ್‌ಸೇವರ್ ಮೇಲು. ಕಪ್ಪುಬಿಳುಪು ಬೇಕೆನ್ನುವವರು ಇಲ್‌ಫರ್ಡ್‌ನ ಎರಡು ಮಾದರಿಗಳನ್ನು ಬೆರೆಸಿಕೊಳ್ಳಬಾರದು. ಎಕ್ಸ್‌ಪಿ2 ಸೂಪರನ್ನು, ಕಲರ್ ಫಿಲ್ಮ್ ತೊಳೆಯುವ (ಡೆವಲಪ್ ಮಾಡುವ) ಸಿ-41 ರಾಸಾಯನಿಕದಲ್ಲೇ ತೊಳೆಯಬಹುದು, ಎಚ್‌ಪಿ5 ಪ್ಲಸ್‌ಗೆ ಬೇರೆಯೇ ಕಪ್ಪುಬಿಳುಪು ರಾಸಾಯನಿಕ ಬೇಕು. ಮತ್ತೆ ಮತ್ತೆ ಫಿಲ್ಮ್ ಹಾಕಿ ಬಳಸಬಹುದಾದ ಪ್ಲಾಸ್ಟಿಕ್ ಕ್ಯಾಮೆರಾಗಳೂ ಇವೆ. ಕೊಡಕ್ ಎಂ35 ಹೆಚ್ಚುಕಡಿಮೆ ಇದೇ ಲೆನ್ಸಿನ ಗುಣದ್ದು. ಎಕ್ಟಾರ್ ಎಚ್35 ಅರ್ಧ ಫ್ರೇಮಿನದು, 36ರ ರೋಲ್‌ನಲ್ಲಿ 72 ಚಿತ್ರ. ಖರ್ಚು ಉಳಿಯುತ್ತದೆ, ಆದರೆ ಅವುಗಳ ಬೆನ್ನು ತೆರೆಯುತ್ತದೆ. ಕುತೂಹಲದ ಮಗುವೊಂದು ಮಧ್ಯದಲ್ಲಿ ತೆರೆದರೆ ಅದುವರೆಗೆ ತೆಗೆದದ್ದಕ್ಕೆಲ್ಲ ಬೆಳಕು ತಾಗುತ್ತದೆ. ಫನ್‌ಸೇವರ್‌ನಲ್ಲಿ ಆ ಭಯ ಕಡಿಮೆ. ಕಾರ್ಖಾನೆಯಲ್ಲೇ ಫಿಲ್ಮ್ ಪೂರ್ತಿ ಹೊರಗೆಳೆದು ಇಟ್ಟಿರುತ್ತಾರೆ, ತೆಗೆದ ಪ್ರತಿ ಫ್ರೇಮ್ ಡಬ್ಬಿಯೊಳಕ್ಕೆ ಹಿಂದಿರುಗುತ್ತದೆ. ಕ್ಯಾಮೆರಾ ಒಡೆದರೂ ಹಾಳಾಗುವುದು ಮುಖ್ಯವಾಗಿ ಇನ್ನೂ ತೆಗೆಯದಿದ್ದ ಫ್ರೇಮ್‌ಗಳು.

ಇಬ್ಬರು ಫೋಟೋಗ್ರಾಫರ್‌ಗಳು ಒಂದೇ ರೋಲ್ ಹಂಚಿಕೊಂಡು, ಒಬ್ಬರ ಚಿತ್ರದ ಮೇಲೆ ಇನ್ನೊಬ್ಬರ ಚಿತ್ರ ಬೀಳಿಸಲು ಬಯಸುವುದಾದರೆ ಮಾತ್ರ ಎಂ35 ಬೇಕು. ಮೊದಲಿನವರು ಫಿಲ್ಮ್ ಹಾಕುವಾಗ ಅದು ಲೆನ್ಸಿನ ಹಿಂದೆ ಬೆಳಕು ಬೀಳುವ ಕಿಂಡಿಯ ಅಂಚಿಗೆ ಸೇರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆಯಬೇಕು. ಮುಗಿದ ಮೇಲೆ ಫಿಲ್ಮಿನ ನಾಲಿಗೆ ಒಳಗೆ ಹೋಗದಂತೆ ಹಿಂದಕ್ಕೆ ಸುತ್ತಬೇಕು. ಎರಡನೆಯವರು ಅದೇ ಗೆರೆಗೆ ಹೊಂದಿಸಿ ಹಾಕಿಕೊಂಡರೆ ಫ್ರೇಮ್‌ಗಳು ಒಂದರ ಮೇಲೊಂದು ಕೂರುತ್ತವೆ. ಗೆರೆ ಎಳೆಯದಿದ್ದರೆ ಇಬ್ಬರ ಫ್ರೇಮ್‌ಗಳೂ ಅರ್ಧರ್ಧ ಜಾರಿ, ಎಲ್ಲಿ ಕತ್ತರಿಸಬೇಕೆಂದು ಲ್ಯಾಬ್‌ಗೂ ತಿಳಿಯುವುದಿಲ್ಲ.

ಈಗ ಕೈಗಳ ಪಾಲು. ಪ್ರತಿ ಟೇಬಲ್ ಮೇಲೆ ಒಂದು ಕ್ಯಾಮೆರಾ ಇಡಿ ಎನ್ನುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಬೆಂಗಳೂರಿನ ಛತ್ರದ ಮದುವೆಗೆ ಅದು ಒಗ್ಗುವುದಿಲ್ಲ. ಇಲ್ಲಿ ಗುಂಡು ಮೇಜಿನ ಸುತ್ತ ಮೂರು ಗಂಟೆ ಕೂರುವ ಪದ್ಧತಿ ಇಲ್ಲ. ಜನ ಕುರ್ಚಿಸಾಲಿನಿಂದ ಮಂಟಪಕ್ಕೆ, ಅಲ್ಲಿಂದ ಊಟದ ಹಾಲ್‌ಗೆ, ಅಲ್ಲಿಂದ ತಾಂಬೂಲ ಹಿಡಿದು ಬಾಗಿಲಿಗೆ ಹರಿಯುತ್ತಲೇ ಇರುತ್ತಾರೆ. ಎಲ್ಲೋ ಇಟ್ಟ ಕ್ಯಾಮೆರಾ ಇಟ್ಟಲ್ಲೇ ಉಳಿಯುತ್ತದೆ, ಇಲ್ಲವೆ ಯಾರದೋ ಚೀಲ ಸೇರುತ್ತದೆ. ಜಾಗಕ್ಕೆ ಇಡುವ ಬದಲು ವ್ಯಕ್ತಿಯ ಕೈಗೆ ಕೊಡಬೇಕು. ವಧುವಿನ ಕೋಣೆಯಲ್ಲಿ ಜಡೆ ಹೆಣೆಯುವ ಅಕ್ಕನ ಕೈಯಲ್ಲಿ ಒಂದು. ಆ ಕೋಣೆಗೆ ಫೋಟೋದವರು ಬಂದರೆ ಎಲ್ಲರೂ ಸೆರಗು ಸರಿಮಾಡಿಕೊಂಡು ಗಂಭೀರವಾಗುತ್ತಾರೆ, ಅಕ್ಕ ತೆಗೆದರೆ ನಗುತ್ತಲೇ ಇರುತ್ತಾರೆ. ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗ ಅಥವಾ ಹುಡುಗಿಗೆ ಒಂದು. ಆ ವಯಸ್ಸಿನವರ ಕಣ್ಣಿನ ಎತ್ತರದಿಂದ ಮದುವೆ ಬೇರೆಯಾಗಿಯೇ ಕಾಣುತ್ತದೆ: ಅಜ್ಜಂದಿರ ಕೈಗಳು, ಕುರ್ಚಿ ಕೆಳಗೆ ನಿದ್ದೆ ಹೋದ ತಂಗಿ, ಓಲಗದವರ ಉಬ್ಬಿದ ಕೆನ್ನೆ. ಮುಂದಿನ ಸಾಲಿನಲ್ಲಿ ಕೂತೇ ಇರುವ ಸೋದರತ್ತೆಗೆ ಒಂದು. ಅವರು ಎದ್ದು ಓಡಾಡುವುದಿಲ್ಲ, ಆದರೆ ಬಂದವರೆಲ್ಲ ಅವರ ಬಳಿಗೆ ಹೋಗಿ ಮಾತಾಡಿಸುತ್ತಾರೆ, ಐದಾರು ಅಡಿ ದೂರದಲ್ಲೇ. ಫ್ಲ್ಯಾಷ್‌ಗೆ ಅದಕ್ಕಿಂತ ತಕ್ಕ ದೂರ ಇಲ್ಲ. ಅಡುಗೆಯವರು ಒಪ್ಪಿದರೆ ಅವರಿಗೂ ಒಂದು ಕೊಡಿ. ಒಲೆಯ ಬಳಿ ಹಬೆ ಇರುವುದರಿಂದ ಫ್ಲ್ಯಾಷ್ ಬೇಡ, ತರಕಾರಿ ಹೆಚ್ಚುವ ಬಾಗಿಲ ಬೆಳಕಿನಲ್ಲಿ ಬೆಳಗ್ಗೆಯೇ ತೆಗೆಯಲಿ. ಮುನ್ನೂರು ಜನರ ಮದುವೆಗೆ ಹೀಗೆ ಆರಿಸಿ ಕೊಟ್ಟ ನಾಲ್ಕು ಕ್ಯಾಮೆರಾಗಳು ಮೇಜಿನ ಮೇಲಿಟ್ಟ ಹದಿನೈದಕ್ಕಿಂತ ಹೆಚ್ಚು ಕೊಡುತ್ತವೆ.

ಕೊಡುವಾಗ ಹೇಳುವ ಮಾತು ಚಿಕ್ಕದಿರಲಿ. 'ಅತ್ತೆ, ಒಳಗಿದ್ರೆ ಮುಂದಿನ ಗುಂಡಿ ಒತ್ತಿ, ದೀಪ ಬಂದ ಮೇಲೆ ತೆಗೀರಿ. ಮೂರು ಹೆಜ್ಜೆ ದೂರ ನಿಲ್ಲಿ. ತೆಗೆದ ಮೇಲೆ ಚಕ್ರ ನಿಲ್ಲೋವರೆಗೆ ತಿರುಗಿಸಿ.' ಇಷ್ಟೇ. ಏನನ್ನು ತೆಗೆಯಬೇಕು ಎಂದು ಒಂದು ಮಾತೂ ಹೇಳಬಾರದು. 'ಎಲ್ಲರ ಗ್ರೂಪ್ ತೆಗೀರಿ', 'ಅಲಂಕಾರ ತೆಗೀರಿ' ಎಂದ ಕೂಡಲೇ ಅವರು ಬಾಡಿಗೆ ಫೋಟೋಗ್ರಾಫರ್ ಆಗಿಬಿಡುತ್ತಾರೆ, ಬಿಟ್ಟುಕೊಟ್ಟ ಹತೋಟಿಯನ್ನು ಹಿಂಬಾಗಿಲಿನಿಂದ ಕಿತ್ತುಕೊಂಡ ಹಾಗೆ. ಬಳಸುವ ವಿಧಾನ ಕಲಿಸುವುದಕ್ಕೂ ನೋಟ ಕಲಿಸುವುದಕ್ಕೂ ಇರುವ ಗೆರೆ ಇದು, ಇದನ್ನು ಕಾಪಾಡುವುದೇ ಕೊಡುವವರ ಮುಖ್ಯ ಕೆಲಸ. ಗೊತ್ತುಮಾಡಿದ ಫೋಟೋದವರಿಗೂ ಮೊದಲೇ ತಿಳಿಸಿಬಿಡಿ. ಇಲ್ಲದಿದ್ದರೆ ಅವರು ಮಗುವನ್ನು ಪಕ್ಕಕ್ಕೆ ಸರಿಸುತ್ತಾರೆ, ಅವರ ತಪ್ಪೂ ಅಲ್ಲ ಅದು.

ಕ್ಯಾಮೆರಾ ಬೆನ್ನಿಗೆ ಒಂದು ಸಂಖ್ಯೆ ಅಂಟಿಸಿ, ಪಕ್ಕದಲ್ಲಿ ಉದ್ದನೆಯ ಕಾಗದದ ಪಟ್ಟಿ ಕಟ್ಟಿ. ಕೈ ಬದಲಾದಾಗ ಕೌಂಟರ್‌ನಲ್ಲಿ ಕಾಣುವ ಸಂಖ್ಯೆ ಮತ್ತು ಪಡೆದವರ ಹೆಸರು ಬರೆಯಲಿ. ಕೌಂಟರ್ ಉಳಿದ ಚಿತ್ರಗಳನ್ನು ಎಣಿಸುತ್ತದೆ, 27ರಿಂದ ಕೆಳಕ್ಕೆ ಇಳಿಯುತ್ತದೆ. ಫಿಲ್ಮ್ ತಿರುಗುಮುರುಗಾಗಿ ಸುತ್ತಿರುವುದರಿಂದ ಮೊದಲು ತೆಗೆದ ಚಿತ್ರ ನೆಗೆಟಿವ್‌ನ ಅಂಚಿನಲ್ಲಿ ದೊಡ್ಡ ಸಂಖ್ಯೆಯ ಬಳಿ ಬರುತ್ತದೆ, ಕೊನೆಯದು 1ರ ಬಳಿ. ಲ್ಯಾಬ್‌ನಿಂದ ಬರುವ ಫೈಲ್‌ಗಳಲ್ಲಿ ಆರತಕ್ಷತೆ ಮೊದಲು, ಬೆಳಗಿನ ಶಾಸ್ತ್ರ ಕೊನೆಗೆ ಇರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಪಟ್ಟಿಯನ್ನು ಹಿಂದುಮುಂದಾಗಿ ಹೊಂದಿಸಿಕೊಂಡರೆ ಯಾರ ಚಿತ್ರ ಯಾವುದು ಎಂದು ನಿಖರವಾಗಿ ಸಿಗುತ್ತದೆ. ಕೊನೆಯ ಫ್ರೇಮ್ ಆದ ಮೇಲೆ ಚಕ್ರ ಸಲೀಸಾಗಿ ತಿರುಗುವವರೆಗೆ ತಿರುಗಿಸಿ, ಆಗ ಫಿಲ್ಮ್ ಪೂರ್ತಿ ಒಳಗೆ ಸೇರಿರುತ್ತದೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಲ್ಯಾಬ್‌ನ ಪಾಲು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮೊದಲ ಕೊಡಕ್ ಮಾರಿದಾಗ ಅದರಲ್ಲಿ ನೂರು ಚಿತ್ರಗಳ ಫಿಲ್ಮ್ ತುಂಬಿರುತ್ತಿತ್ತು. ತೆಗೆದು ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಕಂಪನಿಗೆ ಕಳಿಸಬೇಕಿತ್ತು. ಗುಂಡಿ ನೀವು ಒತ್ತಿ, ಉಳಿದದ್ದು ನಮಗೆ ಬಿಡಿ ಎನ್ನುವುದು ಅವರ ಪ್ರಚಾರವಾಕ್ಯ. ಆ 'ಉಳಿದದ್ದು' ಇವತ್ತಿಗೂ ಉಳಿದಿದೆ, ಅದರಲ್ಲಿ ಬಣ್ಣ, ಸಾಂದ್ರತೆ (ಚಿತ್ರ ಎಷ್ಟು ಕಪ್ಪು, ಎಷ್ಟು ಬಿಳುಪು ಎನ್ನುವುದು), ಕತ್ತರಿಸುವಿಕೆ ಎಲ್ಲ ಸೇರಿದೆ. ಬೆಂಗಳೂರಿನಲ್ಲಿ ಈಗ ರೋಲ್ ತೊಳೆಯುವ ಜಾಗಗಳು ಕಡಿಮೆ, ಹಲವು ಅಂಗಡಿಗಳು ರೋಲ್ ತೆಗೆದುಕೊಂಡು ಬೇರೆ ಕಡೆಗೆ ಒಟ್ಟಿಗೆ ಕಳಿಸುತ್ತವೆ. ಕೊಡುವ ಮೊದಲು ತೊಳೆಯುವುದು ಇಲ್ಲಿಯೋ ಬೇರೆಡೆಯೋ, ವಾರದಲ್ಲಿ ಯಾವ ದಿನ ಎಂದು ಕೇಳಿ. ಸಿ-41 ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್ ಕೆಲಸ ಮಾಡುತ್ತದೆ. ಉಷ್ಣತೆ ಅರ್ಧ ಡಿಗ್ರಿ ಸರಿದರೂ ಬಣ್ಣದ ಸಮತೋಲ ಅಲುಗುತ್ತದೆ. ರೋಲ್‌ಗಳು ನಿತ್ಯ ಹರಿಯುವ ಕಡೆ ರಾಸಾಯನಿಕ ತಾಜಾ ಇರುತ್ತದೆ, ಎಂದೋ ಒಮ್ಮೆ ತೊಳೆಯುವಲ್ಲಿ ಸೋತಿರುತ್ತದೆ.

ತೊಳೆಯುವುದರಲ್ಲಿ ಅಭಿರುಚಿಗೆ ಜಾಗ ಕಡಿಮೆ. ಸ್ಕ್ಯಾನ್‌ನಲ್ಲಿ ಜಾಗವೇ ಜಾಗ. ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಇರುವುದು ಫ್ಯೂಜಿಯ ಫ್ರಂಟಿಯರ್ ಅಥವಾ ನೊರಿಟ್ಸು ಯಂತ್ರ. ಆಪರೇಟರ್ ಮುಂದೆ ಫ್ರೇಮ್‌ಗಳು ಬರುತ್ತವೆ. ಯಂತ್ರ ತಾನೇ ಒಂದು ಅಂದಾಜು ಮಾಡಿರುತ್ತದೆ, ಆಪರೇಟರ್ ಕೀಲಿ ಒತ್ತಿ ಸಾಂದ್ರತೆ ಏರಿಸುತ್ತಾರೆ, ಇಳಿಸುತ್ತಾರೆ, ಹಳದಿ ಕಡಿಮೆ ಮಾಡುತ್ತಾರೆ, ಕೆಂಪು ಸೇರಿಸುತ್ತಾರೆ. ಒಂದು ರೋಲ್‌ಗೆ ಕೆಲವೇ ನಿಮಿಷ. ಸೋದರತ್ತೆ ಕತ್ತಲಲ್ಲಿ ತೆಗೆದ ದೀಪದ ಚಿತ್ರವನ್ನು ಯಂತ್ರ ತಪ್ಪು ಎಂದು ತಿಳಿದು ಬೆಳಗಿಸುತ್ತದೆ, ಕಪ್ಪಿರಬೇಕಾದಲ್ಲಿ ಹಸಿರು ಬೂದಿಯಂಥ ಕಾಳುಕಾಳು ಏಳುತ್ತದೆ. ಹಳದಿ ಬಲ್ಬಿನ ಕೋಣೆಯ ಬೆಚ್ಚನೆಯ ಬಣ್ಣವನ್ನು ಒರೆಸಿ ಆಸ್ಪತ್ರೆಯ ಬಿಳುಪು ತರುತ್ತದೆ. ಪೂರ್ತಿ ಕತ್ತಲಿನ ಫ್ರೇಮ್‌ಗಳಲ್ಲಿ ಅಂಚು ಎಲ್ಲಿದೆ ಎಂದು ಯಂತ್ರಕ್ಕೆ ಸಿಗದೆ, ಎರಡು ಚಿತ್ರಗಳ ನಡುವೆ ಕತ್ತರಿಸಿಬಿಡುವುದೂ ಉಂಟು. ಮಸುಕಾದ, ಬೆರಳು ಅಡ್ಡಬಂದ ಫ್ರೇಮ್‌ಗಳನ್ನು ಅನೇಕ ಕಡೆ ಸ್ಕ್ಯಾನ್ ಮಾಡುವುದೇ ಇಲ್ಲ. ಗಿರಾಕಿಗೆ ಒಳ್ಳೆಯದು ಮಾಡುವ ಉದ್ದೇಶವೇ ಇದು, ಆದರೆ ಯಾವ ಚಿತ್ರ ಉಳಿಯಬೇಕು ಎನ್ನುವ ತೀರ್ಮಾನ ಅಲ್ಲಿ ಸದ್ದಿಲ್ಲದೆ ಆಗಿಹೋಗಿರುತ್ತದೆ.

ಆದ್ದರಿಂದ ಕವರ್ ಮೇಲೆ ಬರೆದುಕೊಡಬೇಕು, ಬಾಯಲ್ಲಿ ಹೇಳಿದರೆ ಕೌಂಟರ್‌ನಿಂದ ಯಂತ್ರದವರೆಗೆ ತಲುಪುವುದಿಲ್ಲ. ಬರೆಯಬೇಕಾದದ್ದು ಇಷ್ಟು: ಎಲ್ಲ ಫ್ರೇಮ್ ಸ್ಕ್ಯಾನ್ ಮಾಡಿ, ಖಾಲಿ ಕಂಡರೂ ಬಿಡಬೇಡಿ. ಫ್ರೇಮ್‌ನಿಂದ ಫ್ರೇಮ್‌ಗೆ ಬಣ್ಣ ತಿದ್ದಬೇಡಿ, ಇಡೀ ರೋಲ್‌ಗೆ ಒಂದೇ ತಿದ್ದುಪಡಿ ಇರಲಿ. ಕತ್ತಲು ಕತ್ತಲಾಗಿಯೇ ಇರಲಿ. ಶಾರ್ಪ್ ಮಾಡಬೇಡಿ. ಪುಶ್ ಮಾಡಬೇಡಿ. ನೆಗೆಟಿವ್ ವಾಪಸ್ ಬೇಕು. ಪುಶ್ ಬೇಡವೆನ್ನಲು ಕಾರಣ ಇದೆ. ಪುಶ್ ಎಂದರೆ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ತೊಳೆಯುವುದು, ಹಾಗೆ ಮಾಡಿದರೆ ಕತ್ತಲ ಫ್ರೇಮ್‌ಗಳಿಗೆ ಸ್ವಲ್ಪ ಲಾಭವಾದರೂ ಬಿಸಿಲಿನ ಫ್ರೇಮ್‌ಗಳು ಕೆಡುತ್ತವೆ, ಒಂದೇ ರೋಲ್‌ನಲ್ಲಿ ಎರಡೂ ಇರುತ್ತವೆ. ಅತಿ ದೊಡ್ಡ ಸ್ಕ್ಯಾನ್‌ಗೆ ಹಣ ಸುರಿಯಬೇಕಿಲ್ಲ. ಈ ಪ್ಲಾಸ್ಟಿಕ್ ಲೆನ್ಸಿನಿಂದ 30 ಮೆಗಾಪಿಕ್ಸೆಲ್ ಸ್ಕ್ಯಾನ್‌ನಲ್ಲಿ ಸಿಗುವುದು ಫಿಲ್ಮಿನ ಕಾಳುಗಳ ಚಿತ್ರವೇ ಹೊರತು ವಿವರವಲ್ಲ. 2400 × 3600 ಪಿಕ್ಸೆಲ್ ಇದ್ದರೆ 8 × 12 ಇಂಚಿನ ಪ್ರಿಂಟ್ ಧಾರಾಳವಾಗಿ ಬರುತ್ತದೆ.

ಕ್ಯಾಮೆರಾವನ್ನು ಮನೆಯಲ್ಲಿ ಒಡೆದು ರೋಲ್ ತೆಗೆಯಲು ಹೋಗಬೇಡಿ. ಫ್ಲ್ಯಾಷ್‌ನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ಉಳಿದಿರುತ್ತದೆ, ಬ್ಯಾಟರಿ ತೆಗೆದ ಮೇಲೂ ಜೋರಾಗಿ ಹೊಡೆಯುತ್ತದೆ. ಇಡಿಯಾಗಿ ಲ್ಯಾಬ್‌ಗೆ ಕೊಟ್ಟು, ಒಳಗಿನ ಎಎ ಬ್ಯಾಟರಿ ಕೇಳಿ ಪಡೆಯಿರಿ. ಅದರಲ್ಲಿ ಸಾಕಷ್ಟು ಜೀವ ಉಳಿದಿರುತ್ತದೆ. ಕೊಳ್ಳುವಾಗ ಡಬ್ಬದ ಮೇಲಿನ ಅವಧಿ ನೋಡಿ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಹಿಂತಿರುಗಿದ ನೆಗೆಟಿವ್‌ಗಳನ್ನು ಪಾಲಿಪ್ರೊಪಿಲೀನ್ ಹಾಳೆಗಳಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಈ ಚಿತ್ರಗಳು ಯಾರವು ಎನ್ನುವ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಹಣ ಕೊಟ್ಟು ತೆಗೆಸಿದಾಗ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆತನ ತೆಗೆಸಿದವರದ್ದು ಎಂದು 17ನೇ ಸೆಕ್ಷನ್ ಹೇಳುತ್ತದೆ. ಅತಿಥಿಗೆ ಯಾರೂ ಹಣ ಕೊಟ್ಟಿರುವುದಿಲ್ಲ. ಹಾಗಾಗಿ ಕ್ಯಾಮೆರಾ ಕೊಂಡವರು, ಯೋಜನೆ ಹಾಕಿದ ಫೋಟೋಗ್ರಾಫರ್, ಲ್ಯಾಬ್ ಯಾರೂ ಒಡೆಯರಲ್ಲ. ಗುಂಡಿ ಒತ್ತಿದ ಸೋದರತ್ತೆಯೇ ಒಡತಿ. ಹಕ್ಕಿನ ಅವಧಿ ಕರ್ತೃವಿನ ಜೀವಿತಕಾಲ ಮತ್ತು ನಂತರದ 60 ವರ್ಷ. 2012ರ ತಿದ್ದುಪಡಿಗೆ ಮೊದಲು ಛಾಯಾಚಿತ್ರಕ್ಕೆ ಪ್ರಕಟಣೆಯಿಂದ 60 ವರ್ಷ ಮಾತ್ರ ಇತ್ತು. ಮನೆಯ ಆಲ್ಬಮ್‌ಗೆ ಇದಾವುದೂ ಅಡ್ಡಬರುವುದಿಲ್ಲ. ಆದರೆ ಫೋಟೋಗ್ರಾಫರ್ ಈ ಚಿತ್ರಗಳನ್ನು ಪುಸ್ತಕ ಮಾಡುವುದಾದರೆ, ಪ್ರದರ್ಶನಕ್ಕೆ ಇಡುವುದಾದರೆ, ತಮ್ಮ ಕೆಲಸದ ಮಾದರಿಯಾಗಿ ತೋರಿಸುವುದಾದರೆ ಬರಹದಲ್ಲಿ ಒಪ್ಪಿಗೆ ಬೇಕು. ಒಪ್ಪಿಗೆಯಲ್ಲಿ ಎಷ್ಟು ವರ್ಷ, ಎಲ್ಲೆಲ್ಲಿ ಎಂದು ಬರೆಯಿರಿ. ಬರೆಯದಿದ್ದರೆ ಕಾಯ್ದೆಯ 19ನೇ ಸೆಕ್ಷನ್ ಅದನ್ನು 5 ವರ್ಷ ಮತ್ತು ಭಾರತದೊಳಗೆ ಎಂದು ಸೀಮಿತಗೊಳಿಸುತ್ತದೆ. ಹಕ್ಕು ಬರೆದುಕೊಟ್ಟ ಮೇಲೂ ಕರ್ತೃವೆಂದು ಹೆಸರು ಹೇಳಿಸಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ ಪ್ರಕಾರ ತೆಗೆದವರಲ್ಲೇ ಉಳಿಯುತ್ತದೆ. ಕೈ ಬದಲಾದಾಗ ಪಟ್ಟಿಯಲ್ಲಿ ಹೆಸರು ಬರೆಯಿಸಿ ಎಂದದ್ದು ಇದಕ್ಕೂ ಸೇರಿ.

ಹೆಸರು ಕೊಡದೆ 'ನನ್ನ ಯೋಜನೆ' ಎಂದು ತೋರಿಸುವ ಫೋಟೋಗ್ರಾಫರ್ ಹತೋಟಿ ಬಿಟ್ಟಿದ್ದಾರೆ ಎನ್ನಲಾಗದು, ದುಡಿಮೆಯನ್ನಷ್ಟೇ ಬೇರೆಯವರಿಗೆ ವಹಿಸಿದ್ದಾರೆ. ಆಯ್ಕೆಯ ಹಂತದಲ್ಲೂ ಇದೇ ಪರೀಕ್ಷೆ ಬರುತ್ತದೆ. ನಾಲ್ಕು ರೋಲ್‌ನ 108 ಚಿತ್ರಗಳಲ್ಲಿ ಚೆಂದದ 20 ಆರಿಸಿ, ಅಂಚು ಕತ್ತರಿಸಿ, ಬಣ್ಣ ಒಂದೇ ಮಾಡಿದರೆ ಕೊನೆಗೆ ಉಳಿಯುವುದು ಆರಿಸಿದವರ ಕಣ್ಣೇ. ಪ್ರತಿ ಕ್ಯಾಮೆರಾದ ಎಲ್ಲ ಫ್ರೇಮ್‌ಗಳನ್ನು ತೆಗೆದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಚಿಕ್ಕದಾಗಿ ಮುದ್ರಿಸಿ, ಕಪ್ಪಾದವೂ ಸೇರಿ. ಆಮೇಲೆ ದೊಡ್ಡ ಪ್ರಿಂಟ್‌ಗೆ ಯಾವುದು ಎಂದು ತೆಗೆದವರನ್ನೇ ಕೇಳಿ. ಹನ್ನೆರಡು ವರ್ಷದವರು ಆರಿಸುವುದು ಬೇರೆಯೇ ಆಗಿರುತ್ತದೆ, ಅದನ್ನು ಒಪ್ಪಲಾಗದಿದ್ದರೆ ಈ ಕ್ಯಾಮೆರಾ ಕೊಳ್ಳುವ ಅಗತ್ಯವಿಲ್ಲ.

ಖರ್ಚು ಲೆಕ್ಕ ಹಾಕುವಾಗ ಕ್ಯಾಮೆರಾದ ಬೆಲೆ, ತೊಳೆಯುವುದು, ಸ್ಕ್ಯಾನ್, ಪ್ರಿಂಟ್ ನಾಲ್ಕನ್ನೂ ಕೂಡಿಸಿ, 27ರಿಂದ ಭಾಗಿಸದೆ 15ರಿಂದ ಭಾಗಿಸಿ. ಹೇಳಿಕೊಟ್ಟು ಕೊಟ್ಟ ಕ್ಯಾಮೆರಾದಿಂದ ಅಷ್ಟು ಸಿಕ್ಕರೆ ಚೆನ್ನಾಗಿ ಆಯಿತೆಂದೇ ಅರ್ಥ. ಮುಹೂರ್ತ ಒಂದೂ ತಪ್ಪಬಾರದು, ಎಲ್ಲರ ಮುಖವೂ ಬರಬೇಕು ಎನ್ನುವವರು ಈ ಹಣವನ್ನು ಗೊತ್ತುಮಾಡಿದ ಫೋಟೋದವರಿಗೇ ಸೇರಿಸಿ ಕೊಡಲಿ. ಅವರು ಇದ್ದೂ, ಅದರ ಜೊತೆಗೆ ಬೇರೆ ಕಣ್ಣುಗಳೂ ಬೇಕೆನ್ನುವವರು ಒಳಾಂಗಣಕ್ಕೆ ಮೂರು ಫನ್‌ಸೇವರ್, ಬೆಳಗಿನ ಹೊರಾಂಗಣಕ್ಕೆ ಒಂದು ಕ್ವಿಕ್‌ಸ್ನ್ಯಾಪ್ ತೆಗೆದುಕೊಳ್ಳಲಿ. ಒಂದರ ಮೊದಲ ಎರಡು ಫ್ರೇಮ್‌ಗಳನ್ನು ಹಿಂದಿನ ದಿನವೇ, ಫ್ಲ್ಯಾಷ್ ಗುಂಡಿ ಎಲ್ಲಿದೆ ಎಂದು ತೋರಿಸಲು, ಆ ನಾಲ್ವರ ಮುಂದೆ ಖರ್ಚು ಮಾಡಲಿ.